ರೋಗಕ್ಕೆ ನಾವಿಟ್ಟ ಹೆಸರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆಗೆ ಐವತ್ತು ತುಂಬಿದ ಹಬ್ಬದ ದಿನ ಕಾಯಿಲೆಯ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಸಂಘಟಕರು ನನಗೆ ಹೇಳಿದ್ದು ಒಂದೇ ಮಾತು: ನಿಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದು, ಊರಿಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ಮಾತಾಡಿ. ನಾನು ಮಿದುಳು ಮತ್ತು ನರಗಳ ರೋಗಕ್ಕೆ ಚಿಕಿತ್ಸೆ ಕೊಡುವ ವೈದ್ಯ. ಔಷಧಿಯ ಪಟ್ಟಿ ಹೇಳಿದರೆ ನಿಮಗೆ ನಿದ್ದೆ ಬರುತ್ತದೆ. ಆದ್ದರಿಂದ ಈ ರೋಗಗಳಿಗೆ ಜನ ಬೇರೆ ಬೇರೆ ಕಾಲದಲ್ಲಿ ಇಟ್ಟ ಹೆಸರುಗಳ ಬಗ್ಗೆ ಮಾತಾಡುತ್ತೇನೆ. ಹೆಸರಿನಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ನನ್ನ ಅನುಭವದಲ್ಲಿ, ರೋಗಿ ಯಾರ ಮನೆ ಬಾಗಿಲಿಗೆ ಹೋಗುತ್ತಾನೆ, ಯಾವಾಗ ಹೋಗುತ್ತಾನೆ ಎಂಬುದನ್ನು ಬಹಳ ಸಲ ಹೆಸರೇ ತೀರ್ಮಾನಿಸಿಬಿಡುತ್ತದೆ.

ನಮ್ಮ ಮಾತನ್ನೇ ಗಮನಿಸಿ. ಜ್ವರ "ಬಂದಿದೆ" ಎನ್ನುತ್ತೇವೆ. ಲಕ್ವ "ಹೊಡೆದಿದೆ" ಎನ್ನುತ್ತೇವೆ. ದೆವ್ವ "ಹಿಡಿದಿದೆ", ಹುಚ್ಚು "ಹಿಡಿದಿದೆ" ಎನ್ನುತ್ತೇವೆ. ಬಂದದ್ದು ಹೋಗುತ್ತದೆ, ಅದಕ್ಕೆ ನಾಚಿಕೆಯಿಲ್ಲ. ಹೊಡೆದದ್ದಕ್ಕೆ, ಹಿಡಿದದ್ದಕ್ಕೆ ಹೊಡೆಯುವವನೊಬ್ಬ, ಹಿಡಿಯುವವನೊಬ್ಬ ಇರಬೇಕು. ಹಾಗಾಗಿ ಮಿದುಳಿನ ಕಾಯಿಲೆ ಎಂದ ಕೂಡಲೇ ಯಾರು ಮಾಡಿಸಿದರು, ಯಾವ ದೇವರು ಮುನಿಯಿತು ಎಂಬ ಹುಡುಕಾಟ ಶುರುವಾಗುತ್ತದೆ. ಇದು ನಮ್ಮ ಊರಿನ ಅಥವಾ ನಮ್ಮ ಭಾಷೆಯ ದೋಷವೆಂದು ತಿಳಿಯಬೇಡಿ. ಇಂಗ್ಲಿಷಿನಲ್ಲಿ ಫಿಟ್ಸ್ ಕಾಯಿಲೆಗೆ ಎಪಿಲೆಪ್ಸಿ ಎನ್ನುತ್ತಾರಲ್ಲ, ಅದು ಗ್ರೀಕ್ ಪದ. ಅದರ ಮೂಲದ ಅರ್ಥವೂ "ಹಿಡಿದುಕೊಳ್ಳುವುದು" ಎಂದೇ. ಹಸುಗೂಸುಗಳಿಗೆ ಬರುವ ಫಿಟ್ಸಿಗೆ ನಮ್ಮ ಅಜ್ಜಿಯರು "ಬಾಲಗ್ರಹ" ಎಂದರು. ಗ್ರಹ ಎಂದರೂ ಹಿಡಿಯುವುದು ಎಂದೇ ಅರ್ಥ. ಅಷ್ಟು ದೂರದ ಎರಡು ನಾಡಿನವರು ಒಂದೇ ದೃಶ್ಯ ನೋಡಿ, ಒಂದೇ ಭಯಪಟ್ಟು, ಒಂದೇ ಹೆಸರು ಇಟ್ಟರು.

ಹಳಬರಿಗೆಲ್ಲ ಮೂಢನಂಬಿಕೆ ಇತ್ತು ಎಂದೂ ಹೇಳಲಾಗದು. ಸುಮಾರು 2400 ವರ್ಷಗಳ ಹಿಂದೆ ಗ್ರೀಕರು ಈ ಕಾಯಿಲೆಯನ್ನು "ಪವಿತ್ರ ರೋಗ" ಎಂದು ಕರೆಯುತ್ತಿದ್ದರು. ದೇವರೇ ಕೊಡುವ ರೋಗ ಎಂದು. ಹಿಪ್ಪಾಕ್ರೆಟಿಸನ ಪರಂಪರೆಯ ಒಬ್ಬ ವೈದ್ಯ ಆಗಲೇ ಒಂದು ಗ್ರಂಥ ಬರೆದು, ಇದು ಉಳಿದ ರೋಗಗಳಿಗಿಂತ ಹೆಚ್ಚು ಪವಿತ್ರವೇನೂ ಅಲ್ಲ, ಇದರ ಮೂಲ ಮಿದುಳಿನಲ್ಲಿದೆ ಎಂದು ವಾದಿಸಿದ. ನಮ್ಮಲ್ಲಿ ಚರಕ ಸಂಹಿತೆ, ಸುಶ್ರುತ ಸಂಹಿತೆಗಳು ಇದಕ್ಕೆ "ಅಪಸ್ಮಾರ" ಎಂಬ ಹೆಸರು ಕೊಟ್ಟು, ಲಕ್ಷಣ ಮತ್ತು ಚಿಕಿತ್ಸೆಗಳನ್ನು ಹೇಳಿದವು. ಸ್ಮರಣೆ ತಪ್ಪುವುದು ಎಂದು ಆ ಪದದ ಅರ್ಥ. ಎಷ್ಟು ಸರಿಯಾದ ಹೆಸರು ನೋಡಿ! ಫಿಟ್ಸ್ ಬಂದವರಿಗೆ ಆ ಗಳಿಗೆಯ ನೆನಪು ಸಾಮಾನ್ಯವಾಗಿ ಇರುವುದಿಲ್ಲ. ನಟರಾಜನ ಚಿತ್ರದಲ್ಲಿ ಶಿವನ ಪಾದದಡಿ ಒಬ್ಬ ಕುಳ್ಳ ಬಿದ್ದಿರುತ್ತಾನಲ್ಲ, ಅವನ ಹೆಸರೂ ಅಪಸ್ಮಾರನೇ. ಅಲ್ಲಿ ಅವನು ಅಜ್ಞಾನದ ಗುರುತು. ರೋಗಕ್ಕೂ ಅಜ್ಞಾನಕ್ಕೂ ಒಂದೇ ಹೆಸರು ಬಿದ್ದದ್ದು ವಿಚಿತ್ರ. ರೋಗವನ್ನು ಔಷಧಿ ತಡೆಯುತ್ತದೆ, ಅಜ್ಞಾನವನ್ನು ತುಳಿಯಲು ನಟರಾಜನೇ ಬೇಕಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಹ್ಯೂಲಿಂಗ್ಸ್ ಜ್ಯಾಕ್ಸನ್ ಎಂಬ ವೈದ್ಯರು, ಮಿದುಳಿನ ಹೊರಪದರದ ಜೀವಕೋಶಗಳು ಒಮ್ಮೆಲೇ ಅಳತೆ ಮೀರಿ ಶಕ್ತಿ ಹೊರಹಾಕುವುದೇ ಫಿಟ್ಸ್ ಎಂದು ವಿವರಿಸಿದರು. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ತನ್ನು ತಲೆಯ ಹೊರಗಿನಿಂದಲೇ ದಾಖಲಿಸಿದರು. ಇವತ್ತು ಇ.ಇ.ಜಿ. ಎಂದು ಮಾಡಿಸುತ್ತೀರಲ್ಲ, ಅದು ಹುಟ್ಟಿದ್ದು ಹೀಗೆ. ಅಂದಮೇಲೆ ಹಿಡಿಯುವವನು ಯಾರೂ ಇಲ್ಲ. ಮನೆಯ ವಯರಿಂಗಿನಲ್ಲಿ ಒಂದು ಕಡೆ ಶಾರ್ಟ್ ಆದಂತೆ, ಕೆಲವು ಕ್ಷಣ ಮಿದುಳಿನ ವಿದ್ಯುತ್ ದಾರಿ ತಪ್ಪುತ್ತದೆ, ಮತ್ತೆ ಸರಿಹೋಗುತ್ತದೆ. ವೈದ್ಯರ ಹೆಸರುಗಳೂ ಇದರ ಜೊತೆ ಬದಲಾದವು. ಮೊದಲು "ದೊಡ್ಡ ಪಿಡುಗು", "ಸಣ್ಣ ಪಿಡುಗು" ಎಂಬ ಅರ್ಥದ ಫ್ರೆಂಚ್ ಹೆಸರುಗಳಿದ್ದವು. 2017ರ ಅಂತರರಾಷ್ಟ್ರೀಯ ವರ್ಗೀಕರಣವು ಫಿಟ್ಸ್ ಮಿದುಳಿನ ಒಂದು ಭಾಗದಲ್ಲಿ ಶುರುವಾಯಿತೇ, ಎರಡೂ ಕಡೆ ಶುರುವಾಯಿತೇ, ರೋಗಿಗೆ ಅರಿವಿತ್ತೇ ಎಂದು ಕೇಳಿ ಅದರಂತೆ ಹೆಸರಿಡುತ್ತದೆ. ಭಯ ಹುಟ್ಟಿಸುವ ಹೆಸರು ಹೋಗಿ, ಕಂಡದ್ದನ್ನು ಹೇಳುವ ಹೆಸರು ಬಂತು.

ಕಂಡದ್ದನ್ನು ಹೇಳುವ ಹೆಸರಿಗೆ ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ಇದೆ. ಕೆಲವರಿಗೆ ತಲೆಯ ಮೇಲೆ ಬಿಸಿಬಿಸಿ ನೀರು ಹೊಯ್ದುಕೊಳ್ಳುವಾಗ ಮಾತ್ರ ಫಿಟ್ಸ್ ಬರುತ್ತದೆ. ಇಂಥದ್ದನ್ನು 1945ರಲ್ಲಿ ನ್ಯೂಜಿಲೆಂಡಿನ ವೈದ್ಯರೊಬ್ಬರು ಮೊದಲು ಬರೆದರೂ, ಹೆಚ್ಚಾಗಿ ಕಾಣಿಸಿಕೊಂಡದ್ದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ರಾಜ್ಯದಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಇದರ ಹೆಸರೇ "ಬಿಸಿನೀರಿನ ಎಪಿಲೆಪ್ಸಿ". ಹಂಡೆಯ ನೀರು, ಚೊಂಬಿನ ಮೇಲೆ ಚೊಂಬು ತಲೆಗೆ ಹೊಯ್ಯುವ ನಮ್ಮ ಪದ್ಧತಿ, ಹಬ್ಬದ ಎಣ್ಣೆಸ್ನಾನ, ಇವೆಲ್ಲ ಆ ಹೆಸರಿನಲ್ಲಿವೆ. ಬಚ್ಚಲಿನಲ್ಲಿ ಬಿದ್ದ ಹುಡುಗನಿಗೆ "ಬಚ್ಚಲಲ್ಲಿ ಗಾಳಿ ಸೋಕಿದೆ" ಎಂದರೆ ತಾಯತ ಕಟ್ಟಿಸುತ್ತೇವೆ. "ಬಿಸಿನೀರಿನ ಎಪಿಲೆಪ್ಸಿ" ಎಂದರೆ ಉಗುರುಬೆಚ್ಚಗಿನ ನೀರು ಬಳಸುತ್ತೇವೆ, ತಲೆಗೆ ಒಂದೇ ಸಮನೆ ಹೊಯ್ಯುವುದನ್ನು ಬಿಡುತ್ತೇವೆ, ವೈದ್ಯರು ಹೇಳಿದರೆ ಮಾತ್ರೆ ತೆಗೆದುಕೊಳ್ಳುತ್ತೇವೆ. ಎರಡನೆಯ ಹೆಸರಿನೊಳಗೇ ಅರ್ಧ ಚಿಕಿತ್ಸೆ ಇದೆ.

ಈಗ ಮನಸ್ಸಿಗೆ ನೋವಾಗುವ ಒಂದು ಮಾತು. ನಮ್ಮ ದೇಶದ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಒಂದು ತಿದ್ದುಪಡಿ ಬಂತು. ಮದುವೆಗೆ ಅಡ್ಡಿಯಾಗುವ ಸಂಗತಿಗಳಲ್ಲಿ ಮರುಕಳಿಸುವ ಬುದ್ಧಿಭ್ರಮಣೆಯನ್ನೂ ಎಪಿಲೆಪ್ಸಿಯನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬರೆದರು. ವಿಶೇಷ ವಿವಾಹ ಕಾಯ್ದೆಯಲ್ಲೂ ಹಾಗೆಯೇ. 1999ರಲ್ಲಿ ಸಂಸತ್ತು "ಎಪಿಲೆಪ್ಸಿ" ಎಂಬ ಪದವನ್ನು ಎರಡೂ ಕಾಯ್ದೆಗಳಿಂದ ತೆಗೆದುಹಾಕಿತು. ಒಂದು ಪದ ಕಾನೂನಿನಿಂದ ಹೋಗಲು 23 ವರ್ಷ ಬೇಕಾಯಿತು. ನಮ್ಮ ಜಗಲಿಯಿಂದ ಅದಿನ್ನೂ ಹೋಗಿಲ್ಲ. ಹೆಣ್ಣು ನೋಡಲು ಬರುವವರಿಗೆ ಗೊತ್ತಾಗಬಾರದೆಂದು ಮಗಳ ಮಾತ್ರೆ ಬಚ್ಚಿಡುವ ತಂದೆತಾಯಿಗಳನ್ನು ನಾನು ನೋಡುತ್ತಲೇ ಇದ್ದೇನೆ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಮಾತ್ರೆ ನುಂಗಲು ಹೆದರಿ ಆ ಹುಡುಗಿ ಔಷಧಿ ನಿಲ್ಲಿಸುತ್ತಾಳೆ. ಒಮ್ಮೆಲೇ ಔಷಧಿ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು, ಜೀವಕ್ಕೂ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆ ಇದೆ. ಸರಿಯಾದ ಚಿಕಿತ್ಸೆ ಸಿಕ್ಕರೆ 100ಕ್ಕೆ 70 ಜನ ಫಿಟ್ಸ್ ಇಲ್ಲದೆ ಬದುಕಬಲ್ಲರು. ಅವರು ಓದಬಹುದು, ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು. ಬಸಿರಾಗುವ ಮುಂಚೆ ವೈದ್ಯರನ್ನು ಕಂಡು, ಬೇಕಿದ್ದರೆ ಮಾತ್ರೆ ಬದಲಿಸಿಕೊಳ್ಳಬೇಕು, ಅಷ್ಟೆ.

ಈ ಕಷ್ಟ ಕಂಡ ಬೇರೆ ದೇಶದವರು ಹೆಸರನ್ನೇ ಬದಲಾಯಿಸಿದ್ದಾರೆ. ಮಲೇಷ್ಯಾದಲ್ಲಿ ಇದಕ್ಕೆ "ಹಂದಿಹುಚ್ಚು" ಎಂಬ ಅರ್ಥದ ಹೆಸರಿತ್ತು. ಅದನ್ನು ಬಿಟ್ಟು "ಎಪಿಲೆಪ್ಸಿ" ಎಂದೇ ಕರೆದರು. ಕೊರಿಯಾದ ಹಳೆಯ ಹೆಸರಿನಲ್ಲೂ ಹುಚ್ಚಿನ ಅರ್ಥವಿತ್ತು. ಅಲ್ಲಿನ ವೈದ್ಯರು ಮತ್ತು ರೋಗಿಗಳು ಸೇರಿ, 2010ರ ಆಸುಪಾಸಿನಲ್ಲಿ, ಮಿದುಳಿನ ವಿದ್ಯುತ್ತಿನ ತೊಂದರೆ ಎಂದು ಅರ್ಥ ಬರುವ ಹೊಸ ಹೆಸರು ತಂದರು.

ಇನ್ನು ಲಕ್ವದ ವಿಷಯ. ಇದು ಅರಬ್ಬಿಯಿಂದ ಬಂದ ಪದ. ಅಲ್ಲಿ ಅದಕ್ಕೆ ಮುಖದ ಒಂದು ಪಕ್ಕ ಸೊಟ್ಟಗಾಗುವುದು ಎಂದಷ್ಟೇ ಅರ್ಥ. ನಮ್ಮಲ್ಲಿ ಬರುವಷ್ಟರಲ್ಲಿ ಕೈಕಾಲು ಬೀಳುವುದಕ್ಕೂ ಅದೇ ಹೆಸರಾಯಿತು. ಇದರಿಂದ ಆಗುವ ಅನಾಹುತ ಕೇಳಿ. ಮುಖದ ನರ ಒಂದಕ್ಕೇ ಬಾವು ಬಂದು ಬಾಯಿ ಸೊಟ್ಟಗಾಗುವ ಕಾಯಿಲೆ ಒಂದಿದೆ. ಚಾರ್ಲ್ಸ್ ಬೆಲ್ ಎಂಬ ವೈದ್ಯರ ಹೆಸರಿನಲ್ಲಿ ಅದನ್ನು ಬೆಲ್ಸ್ ಪಾಲ್ಸಿ ಎನ್ನುತ್ತೇವೆ. ಹೆಚ್ಚಿನವರಿಗೆ ಅದು ಕೆಲವು ವಾರ, ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಆ ಸಮಯದಲ್ಲಿ ಯಾರಾದರೂ ಎಣ್ಣೆ ಕೊಟ್ಟಿದ್ದರೆ, ಸೊಪ್ಪಿನ ರಸ ಕೊಟ್ಟಿದ್ದರೆ, "ಅವರು ಲಕ್ವ ವಾಸಿ ಮಾಡುತ್ತಾರೆ" ಎಂದು ಹೆಸರಾಗುತ್ತದೆ. ಮುಂದೆ ಪಕ್ಕದ ಮನೆಯ ಯಜಮಾನರಿಗೆ ಮಿದುಳಿನ ರಕ್ತನಾಳ ಕಟ್ಟಿಕೊಂಡು ಎಡಗೈ ಎಡಗಾಲು ಬಿದ್ದಾಗ, "ಲಕ್ವ ತಾನೇ" ಎಂದು ಅವರನ್ನೂ ಅಲ್ಲಿಗೇ ಕರೆದೊಯ್ಯುತ್ತಾರೆ. ರಕ್ತನಾಳ ಕಟ್ಟಿಕೊಂಡಿದ್ದರೆ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಕೊಡಬೇಕಾದ್ದು ನಾಲ್ಕೂವರೆ ಗಂಟೆಯೊಳಗೆ, ಅದೂ ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲವೆಂದು ನೋಡಿದ ಮೇಲೆ. ಎರಡು ಬೇರೆ ಕಾಯಿಲೆಗೆ ಒಂದೇ ಹೆಸರಿದ್ದದ್ದಕ್ಕೆ ಆ ನಾಲ್ಕೂವರೆ ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ.

ಪಾರ್ಶ್ವವಾಯು ಎಂಬ ಪುಸ್ತಕದ ಹೆಸರಿನಲ್ಲೂ ಗಾಳಿ ಇದೆ. ಹಾಗಾಗಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಕಂಬಳಿ ಹೊದಿಸುತ್ತಾರೆ. ಇಂಗ್ಲಿಷಿನ "ಸ್ಟ್ರೋಕ್" ಕೂಡ ದೇವರ ಕೈಯ ಪೆಟ್ಟು ಎಂಬ ನಂಬಿಕೆಯಿಂದ ಹುಟ್ಟಿದ ಪದವೇ. 1658ರಲ್ಲಿ ವೆಪ್ಫರ್ ಎಂಬ ಸ್ವಿಸ್ ವೈದ್ಯರು ಹೀಗೆ ಸತ್ತವರ ಮಿದುಳಿನಲ್ಲಿ ರಕ್ತಸ್ರಾವ ಆಗಿರುವುದನ್ನು ತೋರಿಸಿದರು. ಅಷ್ಟಾದರೂ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಸ್ಟ್ರೋಕ್ ಬಹುಕಾಲ ಹೃದಯ ಮತ್ತು ರಕ್ತನಾಳದ ರೋಗಗಳ ಜೊತೆಗಿತ್ತು. 2022ರಿಂದ ಜಾರಿಗೆ ಬಂದ ಹನ್ನೊಂದನೆಯ ಪಟ್ಟಿಯಲ್ಲಿ ಅದು ನರಮಂಡಲದ ರೋಗಗಳ ಸಾಲಿಗೆ ಬಂತು. ದೊಡ್ಡ ದೊಡ್ಡವರಿಗೂ ಸರಿಯಾದ ಮನೆ ಹುಡುಕಲು ಇಷ್ಟು ಕಾಲ ಹಿಡಿಯಿತು. ನಾವು ನೆನಪಿಡಬೇಕಾದ್ದು ಇಷ್ಟು: ಇದ್ದಕ್ಕಿದ್ದಂತೆ ಮುಖ ಸೊಟ್ಟಗಾಯಿತೇ, ಒಂದು ಕೈ ಮೇಲೆತ್ತಲು ಆಗುತ್ತಿಲ್ಲವೇ, ಮಾತು ತೊದಲುತ್ತಿದೆಯೇ? ಹೆಸರು ಏನಾದರೂ ಇರಲಿ, 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಬರೀ ಮುಖ ಸೊಟ್ಟಗಾಗಿದ್ದರೂ ಯಾವ ಕಾಯಿಲೆ ಎಂದು ತೀರ್ಮಾನಿಸುವ ಕೆಲಸ ವೈದ್ಯರಿಗೇ ಇರಲಿ.

ಮನುಷ್ಯರ ಹೆಸರಿಟ್ಟ ರೋಗಗಳೂ ಇವೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ ಆರು ಜನ ರೋಗಿಗಳನ್ನು ನೋಡಿ ಒಂದು ಸಣ್ಣ ಪುಸ್ತಕ ಬರೆದರು. ಕೆಲವರನ್ನು ಬೀದಿಯಲ್ಲಿ ನಡೆದುಹೋಗುವಾಗ ನೋಡಿದ್ದು. ರೋಗಕ್ಕೆ ಅವರು ಕೊಟ್ಟ ಹೆಸರಿನ ಅರ್ಥ "ನಡುಗುವ ಪಾರ್ಶ್ವವಾಯು". ಮುಂದೆ ಪ್ಯಾರಿಸಿನ ಶಾರ್ಕೋ, ಈ ರೋಗಿಗಳೆಲ್ಲ ನಡುಗುವುದಿಲ್ಲ, ಇವರ ಕೈಕಾಲಿನ ಶಕ್ತಿಯೂ ನಿಜವಾಗಿ ಹೋಗಿರುವುದಿಲ್ಲ, ಆದ್ದರಿಂದ ಆ ಹೆಸರು ಸರಿಯಲ್ಲ ಎಂದು ಹೇಳಿ ಪಾರ್ಕಿನ್‌ಸನ್ನರ ಹೆಸರನ್ನೇ ಇಟ್ಟರು. ಆಯುರ್ವೇದದಲ್ಲಿ ಇದಕ್ಕೆ ಹೋಲುವುದನ್ನು "ಕಂಪವಾತ" ಎನ್ನುತ್ತಾರೆ. ಬೇಲಿಯ ಮೇಲೆ ಹಬ್ಬುವ, ಮುಟ್ಟಿದರೆ ಮೈ ತುರಿಸುವ ನಸುಗುನ್ನಿ ಕಾಯಿ ಗೊತ್ತಲ್ಲ? ಪಾರ್ಕಿನ್‌ಸನ್ ರೋಗಕ್ಕೆ 1960ರ ದಶಕದಿಂದ ನಾವು ಕೊಡುತ್ತಿರುವ ಲೆವೊಡೋಪ ಎಂಬ ಔಷಧಿ ಆ ಬೀಜದಲ್ಲಿ ಸಹಜವಾಗಿಯೇ ಇದೆ. ಹಾಗೆಂದು ಮನೆಯಲ್ಲೇ ಬೀಜ ಪುಡಿಮಾಡಿ ತಿನ್ನಬೇಡಿ, ಅಳತೆ ತಪ್ಪುತ್ತದೆ. ಶಾರ್ಕೋ ಹೇಳಿದ ಮಾತು ಇವತ್ತಿಗೂ ಬೇಕು. ಕೈ ನಡುಗದೆ, ಬರೀ ನಡಿಗೆ ನಿಧಾನವಾಗಿ, ಅಕ್ಷರ ಸಣ್ಣದಾಗಿ, ಮುಖದಲ್ಲಿ ನಗು ಕಡಿಮೆಯಾದ ಅಜ್ಜನಿಗೆ "ವಯಸ್ಸಾಯಿತು, ಸೋಮಾರಿತನ" ಎನ್ನುವ ಮನೆಗಳಿವೆ.

ವಯಸ್ಸಿನ ಮಾತು ಬಂದಾಗ "ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ಎಲ್ಲರ ಬಾಯಲ್ಲಿದೆ. ಕೇಳಲು ಚೆನ್ನಾಗಿದೆ, ಆದರೆ ಅದು ರೋಗವನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತದೆ. ಜರ್ಮನಿಯ ಆಲ್‌ಝೈಮರ್ ಎಂಬ ವೈದ್ಯರು 1906ರಲ್ಲಿ ವರದಿ ಮಾಡಿದ ರೋಗಿ ಆಸ್ಪತ್ರೆಗೆ ಸೇರಿದಾಗ 51 ವರ್ಷದ ಹೆಂಗಸು. ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬದಲಾವಣೆಗಳು ಸ್ಪಷ್ಟವಾಗಿ ಕಂಡವು. 1910ರಲ್ಲಿ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಆ ರೋಗಕ್ಕೆ ಆಲ್‌ಝೈಮರ್ ಹೆಸರಿಟ್ಟರು. ಜಪಾನಿನಲ್ಲಿ ಮರೆವಿನ ರೋಗಕ್ಕೆ ಇದ್ದ ಹೆಸರಿನಲ್ಲಿ ದಡ್ಡತನದ ಅರ್ಥವಿತ್ತೆಂದು 2004ರಲ್ಲಿ ಸರ್ಕಾರವೇ ಅದನ್ನು ಬದಲಾಯಿಸಿತು. ಅರಳು ಮರಳು ಎಂದು ಮೂಲೆಯಲ್ಲಿ ಕೂರಿಸಿದ ಹಿರಿಯರಲ್ಲಿ ಕೆಲವರಿಗೆ ಇರುವುದು ಥೈರಾಯ್ಡ್ ತೊಂದರೆ, ಬಿ12 ಕೊರತೆ, ಅಥವಾ ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಂತ ರಕ್ತ. ಇವಕ್ಕೆಲ್ಲ ಚಿಕಿತ್ಸೆ ಇದೆ. ಗಾದೆ ಹೇಳಿ ಸುಮ್ಮನಾದರೆ ಪರೀಕ್ಷೆಯೇ ಆಗುವುದಿಲ್ಲ.

ನಮ್ಮ ಮಲೆನಾಡಿನ ಹೆಸರೂ ಪುಸ್ತಕದಲ್ಲಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಬಂದಾಗ ಗುರುತಿಸಿದ ರೋಗಕ್ಕೆ ವಿಜ್ಞಾನಿಗಳು ಆ ಕಾಡಿನ ಹೆಸರಿಟ್ಟರು. ಜನ ಇಟ್ಟ ಹೆಸರು ಮಂಗನ ಕಾಯಿಲೆ. ಇದು ಜ್ವರದ ರೋಗವಾದರೂ ಕೆಲವರಿಗೆ ಎರಡನೆಯ ಹಂತದಲ್ಲಿ ವಿಪರೀತ ತಲೆನೋವು, ಕತ್ತು ಬಿಗಿತ, ನಡುಕ, ಗೊಂದಲ ಬಂದು ಮಿದುಳಿಗೂ ತಾಗುತ್ತದೆ. ಹೆಸರು ಮಂಗನ ಮೇಲಿದೆ. ರೋಗ ಹರಡುವುದು ಉಣುಗು. ಮಂಗವೂ ನಮ್ಮ ಹಾಗೆ ಉಣುಗು ಕಚ್ಚಿಸಿಕೊಂಡು ಸಾಯುವ ಪ್ರಾಣಿ. ಮಂಗನನ್ನು ಓಡಿಸಿದರೆ ರೋಗ ಹೋಗುವುದಿಲ್ಲ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು, ತರಗೆಲೆ ಸೌದೆಗೆ ಹೋಗುವಾಗ ಮೈ ಮುಚ್ಚಿಕೊಳ್ಳಬೇಕು, ಬಂದ ಮೇಲೆ ಮೈ ನೋಡಿಕೊಳ್ಳಬೇಕು. ಹೊಸ ಸಾಂಕ್ರಾಮಿಕ ರೋಗಗಳಿಗೆ ಊರಿನ, ಜನರ, ಪ್ರಾಣಿಗಳ ಹೆಸರು ಇಡಬೇಡಿ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟದ್ದು ಇಂಥ ಕಾರಣಕ್ಕೇ.

ಕೊನೆಗೆ, ಶಾಲೆಯ ಒಳಗಿನ ಒಂದು ಹೆಸರು: "ದಡ್ಡ". 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಚೂಟಿ ಹುಡುಗ, ಲೆಕ್ಕ ಬರುತ್ತದೆ, ಓದಲು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಜಾಣ ಆಗುತ್ತಿದ್ದ ಎಂದು ಅವನ ಮೇಷ್ಟರು ಹೇಳಿದ್ದರಂತೆ. ಮಾರ್ಗನ್ ಅದಕ್ಕೆ "ಹುಟ್ಟಿನಿಂದ ಬಂದ ಪದಗುರುಡು" ಎಂದರು. ಇವತ್ತು ಡಿಸ್ಲೆಕ್ಸಿಯಾ ಎನ್ನುತ್ತೇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವಿಧಗಳಲ್ಲಿ ಕಲಿಕೆಯ ಈ ತೊಂದರೆಯೂ ಇದೆ, ಪಾರ್ಕಿನ್‌ಸನ್ ರೋಗವೂ ಇದೆ. ಆ ಹುಡುಗನ ಮೇಷ್ಟರಿಗೆ ರೋಗದ ಹೆಸರು ಗೊತ್ತಿರಲಿಲ್ಲ, ಆದರೂ ಅವರು ಹುಡುಗನನ್ನು ಸರಿಯಾಗಿ ನೋಡಿದ್ದರು. ಮೇಷ್ಟರುಗಳಲ್ಲಿ ನಾನು ಬೇಡುವುದು ಅದನ್ನೇ.

ಹೆಸರು ಬದಲಾಯಿಸಿದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಬುದ್ಧಿಮಾಂದ್ಯ ಎಂಬುದು ಒಂದು ಕಾಲಕ್ಕೆ ಮರ್ಯಾದೆಯ ಪದವಾಗಿತ್ತು, ಇವತ್ತು ಬೈಗುಳ. ಇಂಗ್ಲೆಂಡಿನಲ್ಲಿ ಹುಟ್ಟಿನಿಂದ ಸ್ನಾಯು ಬಿಗಿತ ಇರುವವರ ಸಂಸ್ಥೆಯೊಂದು, ತನ್ನ ಹೆಸರಿನಲ್ಲಿದ್ದ "ಸ್ಪಾಸ್ಟಿಕ್" ಎಂಬ ಪದ ಶಾಲಾ ಮಕ್ಕಳ ಬಾಯಲ್ಲಿ ಬೈಗುಳವಾಯಿತೆಂದು 1994ರಲ್ಲಿ ಹೆಸರನ್ನೇ ಬಿಟ್ಟಿತು. ಬೆಂಗಳೂರಿನ ಹುಚ್ಚರ ಆಸ್ಪತ್ರೆಗೆ ಮೈಸೂರು ಸರ್ಕಾರ 1925ರಲ್ಲೇ ಮಾನಸಿಕ ಆಸ್ಪತ್ರೆ ಎಂದು ಹೆಸರಿಟ್ಟಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಆದರೂ ತಲೆನೋವಿಗೆ, ಫಿಟ್ಸಿಗೆ ಅಲ್ಲಿಗೆ ಹೋಗಿ ಎಂದರೆ "ನನಗೇನು ಹುಚ್ಚೇ?" ಎಂದು ಕೇಳುವವರು ಈಗಲೂ ಇದ್ದಾರೆ. ಬೋರ್ಡು ಬರೆಸುವುದು ಸುಲಭ. ಮನಸ್ಸಿನ ಬೋರ್ಡು ಅಳಿಸಲು ಶಾಲೆಯೇ ಬೇಕು.

ಆದ್ದರಿಂದ ಮೂರು ಕೋರಿಕೆ. ಒಂದು, ಆಸ್ಪತ್ರೆಗೆ ಬಂದಾಗ ನೀವೇ ಹೆಸರು ಇಟ್ಟುಕೊಂಡು ಬರಬೇಡಿ, ಕಂಡದ್ದನ್ನು ಹೇಳಿ. ಯಾವ ಕೈ ಮೊದಲು ಎಳೆಯಿತು, ಎಷ್ಟು ನಿಮಿಷ, ಕಣ್ಣು ತೆರೆದಿತ್ತೇ ಎಂದು. ಮೊಬೈಲಿನಲ್ಲಿ ಚಿತ್ರ ತೆಗೆದು ತಂದರೆ ಇನ್ನೂ ಒಳ್ಳೆಯದು. ಎರಡು, ಯಾರಿಗಾದರೂ ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದು ಇಡಿ, ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಮೂರು, ಮಕ್ಕಳೇ, ಇದು ನಿಮಗೆ: ತರಗತಿಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಮರುದಿನ ಅವರನ್ನು ಅವರ ಹೆಸರಿನಿಂದಲೇ ಕರೆಯಿರಿ, ಕಾಯಿಲೆಯ ಹೆಸರಿನಿಂದ ಕರೆಯಬೇಡಿ. ಪಕ್ಕದಲ್ಲೇ ಕುಳಿತುಕೊಳ್ಳಿ. ಅದು ಅಂಟುವ ರೋಗವಲ್ಲ.